ಎದ್ದರಾ?

ನಮ್ಮೂರಿನಲ್ಲಿ ಕೊಲೆ ಕೇಸಿನ ತೀರ್ಪು ಬಂದ ದಿನ ಯಾರೂ ಏನು ತೀರ್ಪಾಯಿತು ಎಂದು ಕೇಳುವುದಿಲ್ಲ. ‘ಎದ್ದರಾ?’ ಎಂದು ಕೇಳುತ್ತಾರೆ. ಕೊಲೆಯಾದವರು ಸತ್ತ ಜಾಗದಲ್ಲೇ ಕೂತಿರುತ್ತಾರೆ. ಹೆಣವನ್ನು ಮಣ್ಣು ಮಾಡಿ, ಮನೆಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ಅವರು ಅಲ್ಲಿ ಬಂದು ಕೂತಾಗಿರುತ್ತದೆ. ಮಾತಾಡುವುದಿಲ್ಲ, ಯಾರನ್ನೂ ದಿಟ್ಟಿಸಿ ನೋಡುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ. ಕೊಂದವರು ಯಾರೆಂದು ಕೋರ್ಟು ಸರಿಯಾಗಿ ಹೇಳಿದ ಗಳಿಗೆಯಲ್ಲಿ ಎದ್ದು, ಒಂದು ಗುಟುಕು ನೀರು ಕುಡಿದು ಹೊರಟುಬಿಡುತ್ತಾರೆ. ಕೋರ್ಟು ತಪ್ಪಿದರೆ ಕೂತೇ ಇರುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ. ನಮಗೆ ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ; ನಿಜ ಹೇಳಬೇಕೆಂದರೆ ನಲ್ಲಿಯಲ್ಲಿ ನೀರು ಬರುವುದೇ ನಮ್ಮಲ್ಲಿ ಹೆಚ್ಚು ಅಪರೂಪ.

ಅವರ ಜೊತೆ ಬದುಕುವುದು ಊರಿಗೆ ಅಭ್ಯಾಸವಾಗಿದೆ. ಎಣ್ಣೆ ಗಾಣದ ಯಜಮಾನರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ವರ್ಷಗಳಿಂದ ಕೂತಿದ್ದಾರೆ. ಡ್ರೈವರುಗಳು ಬಸ್ಸನ್ನು ಒಂಚೂರು ಓರೆ ಮಾಡಿ ನಿಲ್ಲಿಸಿಕೊಳ್ಳುತ್ತಾರೆ. ಮಳೆ ಬಂದರೆ ಯಾರೋ ಒಬ್ಬರು ಅವರಿಗೆ ಕೊಡೆ ಹಿಡಿಯುತ್ತಾರೆ, ಅವರು ನೆನೆಯುವುದಿಲ್ಲ ಎಂದು ಗೊತ್ತಿದ್ದೂ. ಅವರ ಕೇಸಿನಲ್ಲಿ ಕುರಿ ಕಾಯುವವನೊಬ್ಬನಿಗೆ ಜೀವಾವಧಿಯಾಯಿತು, ಏಕೆಂದರೆ ಕಟಕಟೆಯಲ್ಲಿ ನಿಂತಾಗ ಅವನು ಜಡ್ಜ್ ಸಾಹೇಬರ ಮುಖ ನೋಡಲಿಲ್ಲ. ನೋಡಿದ್ದರೆ ಉದ್ಧಟತನ ಎನ್ನುತ್ತಿದ್ದರೋ ಏನೋ. ಬಳೆ ಅಂಗಡಿಯವರ ಸೊಸೆ ತನ್ನ ಅಡುಗೆಮನೆಯಲ್ಲಿ ಒಲೆಯ ಪಕ್ಕವೇ ಕೂತಿದ್ದಾಳೆ. ದಿನಾ ಬೆಳಿಗ್ಗೆ ತಾಯಿಯ ಕಾಲಿಗೆ ನಮಸ್ಕಾರ ಮಾಡುವ ಮಗ ಹೆಂಡತಿಯ ಮೇಲೆ ಕೈ ಮಾಡಿದನೆಂದರೆ ನಂಬಲಾಗದು ಎಂದು ಬರೆದು ಸಾಹೇಬರು ಅವಳ ಗಂಡನನ್ನು ಬಿಟ್ಟುಬಿಟ್ಟರು. ಅತ್ತೆ ಈಗ ಹಿತ್ತಲಲ್ಲಿ ಶೀಟು ಹಾಕಿಸಿಕೊಂಡು ಅಲ್ಲೇ ಅಡುಗೆ ಮಾಡುತ್ತಾಳೆ.

ಈ ಸಾಹೇಬರ ಎಲ್ಲ ತೀರ್ಪಿನಲ್ಲೂ ಮನೆತನ ಎಂಬ ಮಾತು ಬರುವುದರಿಂದ ಊರು ಅವರಿಗೆ ಮನೆತನದ ಸಾಹೇಬರು ಎಂದೇ ಹೆಸರಿಟ್ಟಿದೆ. ಪೇಪರಿನವರು ಬರೆದು ನೋಡಿದರು. ವಕೀಲರು ಕಪ್ಪು ಪಟ್ಟಿ ಕಟ್ಟಿಕೊಂಡು ನೋಡಿದರು. ಸಾಹೇಬರು ಜಗ್ಗಲಿಲ್ಲ. ಕೂತವರು ಸಾಕ್ಷಿಯಲ್ಲ, ಅವರ ಅಪ್ಪಣೆ ಕೇಳಿ ತೀರ್ಪು ಬರೆಯಲು ಇದೇನು ಅರಳಿಕಟ್ಟೆಯೇ ಎಂದರು. ಮೇಲಿನ ಕೋರ್ಟು ಇರುವುದು ದೂರದ ಬೇರೆ ಊರಿನಲ್ಲಿ. ಅಲ್ಲಿ ಸತ್ತವರು ಸತ್ತ ಹಾಗೇ ಇರುತ್ತಾರಂತೆ. ಹಾಗಾಗಿ ಅವರೂ ಬದುಕಿದವರ ಮಾತನ್ನಷ್ಟೇ ಕೇಳುತ್ತಾರೆ.

ಇದನ್ನೆಲ್ಲ ನಾನು ಬೇರೆಯವರ ಮನೆಯ ಸುದ್ದಿಯಾಗಿ ಕೇಳಿ, ಬಾಯಿಗೆ ಬಂದಂತೆ ಬೈದು, ಉಂಡು ಮಲಗುತ್ತಿದ್ದವಳು. ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ಕೂತು ನನ್ನ ನಾಲಿಗೆ ಸ್ವಲ್ಪ ಚುರುಕಾಗಿದೆ. ವಾರಿಜಕ್ಕನ ಹತ್ತಿರ ಸ್ಟಾಂಪ್ ಕೇಳುವುದಕ್ಕಿಂತ ಕಾಗದ ಬರೆಯದೇ ಇರುವುದು ಮೇಲು ಎಂದು ಜನ ಆಡಿಕೊಳ್ಳುವುದೂ ನನಗೆ ಗೊತ್ತು. ನನ್ನ ತಮ್ಮ ಮುಕುಂದನನ್ನು ಪೊಲೀಸರು ಕರೆದುಕೊಂಡು ಹೋದ ದಿನ ಆ ನಾಲಿಗೆ ಒಳಗೆ ಹೋಯಿತು.

ಮುಕುಂದ, ಗವಿಯಪ್ಪ ಇಬ್ಬರೂ ಸೇರಿ ಸಂತೆ ಬೀದಿಯ ಕೊನೆಯಲ್ಲಿ ಐಸ್ ಫ್ಯಾಕ್ಟರಿ ನಡೆಸುತ್ತಿದ್ದರು. ಗವಿಯಪ್ಪ ಮೊದಲು ಐಸ್ ಕ್ಯಾಂಡಿ ಡಬ್ಬ ಸೈಕಲ್ಲಿಗೆ ಕಟ್ಟಿಕೊಂಡು ಮಾರುತ್ತಿದ್ದವನು. ಮಾತು ಒರಟು, ಲೆಕ್ಕ ಚೊಕ್ಕ. ನಮ್ಮಪ್ಪ ಡಾಕ್ಟರು, ಹಾಗಾಗಿ ಅಪ್ಪ ಹೋದ ಮೇಲೂ ನಾವು ಡಾಕ್ಟರ ಮನೆಯವರೇ. ಕೆಲವು ತಿಂಗಳಿಂದ ಮುಕುಂದನಿಗೂ ಗವಿಯಪ್ಪನಿಗೂ ಆಗಿಬರುತ್ತಿರಲಿಲ್ಲ, ಪಾಲು ಬೇರೆ ಮಾಡಿಕೊಳ್ಳುವ ಮಾತು ನಡೆದಿತ್ತು. ಒಂದು ಮಧ್ಯಾಹ್ನ ಐಸ್ ಗಡ್ಡೆಗಳನ್ನು ಗಾಡಿಗೆ ಜಾರಿಸುವ ಹಲಗೆಯ ಬುಡದಲ್ಲಿ ಗವಿಯಪ್ಪ ಸತ್ತು ಬಿದ್ದಿದ್ದ. ಐಸ್ ಒಡೆಯುವ ಸರಳು ಪಕ್ಕದಲ್ಲಿತ್ತು. ಆ ಹೊತ್ತಿನಲ್ಲಿ ಫ್ಯಾಕ್ಟರಿಯಲ್ಲಿ ಇದ್ದವರು ಮುಕುಂದ ಮತ್ತು ಗಡ್ಡೆ ಹೊರುವ ಕೆಲಸದ ಕೆಂಚಯ್ಯ, ಇಬ್ಬರೇ. ಪೊಲೀಸರು ಇಬ್ಬರ ಮೇಲೂ ಕೇಸು ಹಾಕಿದರು.

ಮುಕುಂದನಿಗೆ ಸಾಹೇಬರು ಕೂಡಲೇ ಜಾಮೀನು ಕೊಟ್ಟರು. ಕೆಂಚಯ್ಯನಿಗೆ ಕೊಡಲಿಲ್ಲ. ಅವನು ಓಡಿಹೋಗುವ ಪೈಕಿ ಎಂದರು. ಕೆಂಚಯ್ಯನ ಪ್ರಾಯದಲ್ಲಿ, ಅವನ ಮಂಡಿನೋವಿನಲ್ಲಿ, ಎಲ್ಲಿಗೆ ಓಡುತ್ತಾನೆ ಎಂದು ಬೇರೆಯವರ ಕೇಸಾಗಿದ್ದರೆ ನಾನೇ ಕೇಳುತ್ತಿದ್ದೆ. ನಮ್ಮ ಕೇಸಾದ್ದರಿಂದ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಅಮ್ಮ ತೀರಿಹೋದಾಗ ಮುಕುಂದನಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಅವನನ್ನು ಸಾಕಿದವಳು ನಾನು. ಅವನು ಇರುವೆ ಸಾಲನ್ನು ದಾಟಿ ಹೋಗುವ ಹುಡುಗನಾಗಿದ್ದ, ತುಳಿಯುತ್ತಿರಲಿಲ್ಲ. ಅವನು ಕೊಲೆ ಮಾಡಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಕಳವಳ ಬಿಡಲಿಲ್ಲ. ಹಾಲು ಉಕ್ಕಿದರೂ ಎದೆ ಧಸಕ್ಕೆನ್ನುತ್ತಿತ್ತು. ಯಾರಾದರೂ ಬಾಗಿಲು ಬಡಿದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಮುಕುಂದ ಮಾತ್ರ ಚೆನ್ನಾಗಿ ಉಣ್ಣುತ್ತಿದ್ದ, ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಫ್ಯಾಕ್ಟರಿಯ ಕಡೆ ಮಾತ್ರ ಒಂದು ದಿನವೂ ಹೋಗಲಿಲ್ಲ. ಗೆಳೆಯ ಕೂತಿರುವುದನ್ನು ನೋಡಲಾರದೆ ಹೀಗೆ ಮಾಡುತ್ತಾನೆ ಎಂದು ನನ್ನ ಕರುಳು ಚುರುಕ್ಕೆನ್ನುತ್ತಿತ್ತು.

ಸಾಕ್ಷಿ ಹೇಳಲು ನನ್ನನ್ನು ಕರೆದಾಗ ಸಾಹೇಬರು, ‘ಡಾಕ್ಟರ ಮಗಳಲ್ವೇ ನೀವು? ನಿಂತು ಆಯಾಸ ಮಾಡ್ಕೋಬೇಡಿ’ ಎಂದು ಕುರ್ಚಿ ಹಾಕಿಸಿದರು. ಸರ್ಕಾರಿ ವಕೀಲರು ಎದ್ದು, ‘ಆವತ್ತು ನಿಮ್ಮ ತಮ್ಮ ಮನೆಗೆ ಬಂದ ಮೇಲೆ ಏನೇನು ಮಾಡಿದ್ರು?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಕೈ ಎತ್ತಿದರು. ‘ಮರ್ಯಾದಸ್ಥರ ಮನೆಯೊಳಗಿನ ವಿಚಾರ ಹೆಣ್ಣುಮಕ್ಕಳ ಬಾಯಿಂದ ಕೆದಕಿಸೋದು ಬೇಡ. ಮನೆಗೆ ಬಂದ್ರು, ಊಟ ಮಾಡಿದ್ರು, ಮಲಗಿದ್ರು. ಮುಂದಕ್ಕೆ ಹೋಗಿ.’ ಕೇಳಿದ್ದರೆ ಹೇಳುತ್ತಿದ್ದೆ. ಅವನು ಬಂದವನೇ ಹಿತ್ತಲಿಗೆ ಹೋಗಿ ತನ್ನ ಅಂಗಿಯನ್ನು ತಾನೇ ಒಗೆದು ಹಾಕಿದ್ದ. ಕರ್ಚೀಫನ್ನೂ ಒಗೆಯದವನು. ಇವತ್ತೇನು ಸೂರ್ಯ ಯಾವ ಕಡೆ ಹುಟ್ಟಿದ ಎಂದು ನಾನು ತಮಾಷೆ ಮಾಡಿದ್ದೆ. ಹೇಳುವಂಥ ವಿಷಯ ಅಂತಲೂ ಆಗ ಅನ್ನಿಸಿರಲಿಲ್ಲ.

ನನ್ನ ನಂತರ ಕೆಂಚಯ್ಯನ ಹೆಂಡತಿ ಹೊಂಬಾಳಮ್ಮ ಬಂದಳು. ಅವಳಿಗೆ ಕುರ್ಚಿ ಹಾಕಿಸಲಿಲ್ಲ. ದನಿ ತಗ್ಗಿಸಿ ಮಾತಾಡು, ಇದು ಸಂತೆಯಲ್ಲ ಎಂದರು. ನಿನ್ನ ಗಂಡ ಕುಡಿಯುತ್ತಾನೋ ಎಂದು ಕೇಳಿದರು. ‘ಅಬ್ಬಕ್ಕೋ ಮದ್ವೆಗೋ ಒಂದೊಂದ್ ಕಿತ ಸಾಮಿ’ ಎಂದಳು. ಸಾಹೇಬರು ಗುಮಾಸ್ತನ ಕಡೆ ತಿರುಗಿ, ಕುಡಿತದ ಚಟವುಳ್ಳವನು ಎಂದು ಬರೆಸಿದರು. ಅವಳು ಇಳಿದು ಬರುವಾಗ ನನ್ನ ಕುರ್ಚಿಯನ್ನು ಒಮ್ಮೆ ನೋಡಿದಳು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡೆ.

ನಮ್ಮೂರಲ್ಲಿ ಇನ್ನೊಂದು ಪದ್ಧತಿ ಇದೆ. ತೀರ್ಪಿನ ದಿನ ಎರಡೂ ಕಡೆಯ ಹೆಂಗಸರು ಕೋರ್ಟಿಗೆ ಹೋಗುವುದಿಲ್ಲ. ಕೂತವರ ಹತ್ತಿರ ಚೊಂಬಿನಲ್ಲಿ ನೀರು ಹಿಡಿದು ಕಾಯುತ್ತಾರೆ. ತೀರ್ಪು ಓದಿ ಮುಗಿಸಿದ ಕೂಡಲೇ ಕೋರ್ಟಿನ ಗಂಟೆ ಹೊಡೆಯುತ್ತದೆ. ಎದ್ದವರಿಗೆ ನೀರು ಕೊಡಬೇಕು, ಅಷ್ಟೇ ಕೆಲಸ. ನಾನು ಹಿತ್ತಾಳೆ ಚೊಂಬು ತೆಗೆದುಕೊಂಡು ಹೋದೆ. ಹೊಂಬಾಳಮ್ಮ ಆಗಲೇ ಬಂದು ಸ್ಟೀಲಿನ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಗವಿಯಪ್ಪನಿಗೆ ಹೆಂಡತಿ ಮಕ್ಕಳಿಲ್ಲ, ಅವನ ಕಡೆಯವರಾಗಿ ಯಾರೂ ಇರಲಿಲ್ಲ.

ಗವಿಯಪ್ಪ ಹಲಗೆಯ ಬುಡದಲ್ಲಿ ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಬದುಕಿದ್ದಾಗ ಒಂದು ಕಡೆ ಕೂತವನಲ್ಲ. ಗಡ್ಡೆ ಹೊರುವವರು ಅವನಿಗೆ ತಾಗದಂತೆ ಐಸನ್ನು ಗೋಣಿತಾಟಿನಲ್ಲಿ ಸುತ್ತಿ ಪಕ್ಕದಿಂದ ಇಳಿಸುತ್ತಿದ್ದರು. ‘ಜರುಗಣ್ಣ’ ಎಂದು ಹೊಸ ಹುಡುಗನೊಬ್ಬ ಅಭ್ಯಾಸಬಲದಿಂದ ಅಂದು, ನಾಲಿಗೆ ಕಚ್ಚಿಕೊಂಡ.

‘ನಿನಗೆ ತಿಂಡಿ ಆಯ್ತಾ ಹೊಂಬಾಳಮ್ಮ?’ ಎಂದೆ. ಏನಾದರೂ ಮಾತಾಡದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿತ್ತು.

‘ಗಂಟ್ಲಲ್ಲಿ ಇಳಿಬೇಕಲ್ಲ ಅವ್ವಾರೆ.’

‘ನಿನ್ನ ಗಂಡ ಏನೂ ಮಾಡಿಲ್ಲದಿದ್ರೆ ದೇವರು ಕೈಬಿಡಲ್ಲ.’

‘ನಿಮ್ ತಮ್ಮಾರೂ ಏನೂ ಮಾಡಿಲ್ದೆ ಇದ್ರೆ?’ ಎಂದಳು. ಅವಳು ಕುಹಕಕ್ಕೆ ಕೇಳಲಿಲ್ಲ, ನಿಜವಾಗಿಯೇ ಕೇಳಿದಳು. ನನ್ನ ತಮ್ಮ ಉಳಿಯಬೇಕಾದರೆ ಅವಳ ಗಂಡ ಹೋಗಬೇಕು, ಅವಳ ಗಂಡ ಉಳಿಯಬೇಕಾದರೆ ನನ್ನ ತಮ್ಮ. ಹೀಗೆ ಇಬ್ಬರೂ ನೀರು ಹಿಡಿದುಕೊಂಡು ಅಕ್ಕಪಕ್ಕ ಕೂತಿದ್ದೆವು.

ಗಂಟೆ ಹೊಡೆಯಿತು. ಗಾಡಿಯವರು ಎತ್ತಿದ ಗಡ್ಡೆಯನ್ನು ಅಲ್ಲೇ ಇಟ್ಟು ನಿಂತರು. ಬೀದಿಯಲ್ಲಿ ತಕ್ಕಡಿಗಳು ನಿಂತವು. ಎಲ್ಲರೂ ಗವಿಯಪ್ಪನನ್ನು ನೋಡಿದರು. ನಾನು ಅವನ ಮಂಡಿಯನ್ನೇ ನೋಡುತ್ತಿದ್ದೆ, ಏಳುವ ಮೊದಲು ಕೈ ಊರುತ್ತಾರಲ್ಲ ಎಂದು. ಅವನು ಕೈ ಊರಲಿಲ್ಲ. ಗಂಟೆಯ ಸದ್ದು ಪೂರ್ತಿ ಅಡಗಿತು. ಗವಿಯಪ್ಪ ಕೂತೇ ಇದ್ದ.

‘ಏಳ್ನಿಲ್ವಲ್ಲ’ ಎಂದಳು ಹೊಂಬಾಳಮ್ಮ.

ತೀರ್ಪು ಏನೆಂದು ನಮಗಿನ್ನೂ ಗೊತ್ತಿರಲಿಲ್ಲ. ಆದರೆ ಅದು ತಪ್ಪು ಎಂದು ಗೊತ್ತಾಗಿಹೋಗಿತ್ತು. ಆಗ ನನಗೆ ಬಂದ ಯೋಚನೆಯನ್ನು ಶತ್ರುವಿಗೂ ಬಯಸಲಾರೆ. ತೀರ್ಪು ತಪ್ಪು, ಮುಕುಂದನಿಗೆ ಶಿಕ್ಷೆಯಾಗಿದೆ ಎಂದರೆ ಅವನು ನಿರಪರಾಧಿ. ತೀರ್ಪು ತಪ್ಪು, ಮುಕುಂದ ಬಿಡುಗಡೆಯಾಗಿದ್ದಾನೆ ಎಂದರೆ… ಇಷ್ಟು ದಿನ ಅವನು ಬಿಡುಗಡೆಯಾಗಲಿ ಎಂದು ಹರಕೆ ಹೊತ್ತವಳು, ಅಲ್ಲಿ ಐಸ್ ನೀರು ಹರಿಯುವ ನೆಲದ ಮೇಲೆ ಕೂತು, ದೇವರೇ ನನ್ನ ತಮ್ಮನಿಗೆ ಶಿಕ್ಷೆಯಾಗಿರಲಪ್ಪ ಎಂದು ಬೇಡಿಕೊಂಡೆ. ಜೈಲಿಗೆ ಹೋಗಲಿ, ಬುತ್ತಿ ಕಟ್ಟಿಕೊಂಡು ವಾರವಾರ ಹೋಗುತ್ತೇನೆ. ಮೇಲಿನ ಕೋರ್ಟಿಗೆ ಮನೆ ಮಾರಿಯಾದರೂ ಹೋಗುತ್ತೇನೆ. ಅವನು ಮಾಡಿಲ್ಲ ಎಂದು ಗೊತ್ತಾದರೆ ಸಾಕು.

ಹೊಂಬಾಳಮ್ಮ ಚೊಂಬನ್ನು ಮೆಲ್ಲಗೆ ನೆಲಕ್ಕಿಟ್ಟಳು. ‘ನನ್ ಗಂಡಂಗೇ ಆಗದೆ’ ಎಂದಳು.

‘ಇನ್ನೂ ಯಾರೂ ಬಂದು ಹೇಳಿಲ್ವಲ್ಲ, ಸುಮ್ಮನಿರು.’

‘ಯೋಳದೇನದೆ ಅವ್ವಾರೆ. ಆ ಸಾಹೇಬ್ರು ತಪ್ ಮಾಡದ್ರೆ ಯಾವ್ ಕಡೀಕ್ ಮಾಡ್ತರೆ ಅಂತ ನಂಗ್ ಗೊತ್ತಿಲ್ವಾ, ನಿಮ್ಗ್ ಗೊತ್ತಿಲ್ವಾ?’

ಅವಳು ಅಳಲಿಲ್ಲ. ನನಗೆ ಸಿಟ್ಟು ಬಂತು, ಇವಳು ಇಷ್ಟು ಬೇಗ ಹೇಗೆ ಒಪ್ಪಿಕೊಂಡುಬಿಟ್ಟಳು ಎಂದು. ಅವಳು ಒಪ್ಪಿಕೊಂಡರೆ ನಾನೂ ಒಪ್ಪಿಕೊಳ್ಳಬೇಕಾಗುತ್ತದಲ್ಲ. ಅಷ್ಟರಲ್ಲಿ ನಮ್ಮ ಆಫೀಸಿನ ಪೋಸ್ಟ್‌ಮನ್ ಹನೀಫ್ ಸೈಕಲ್ ತುಳಿದುಕೊಂಡು ಬಂದ. ನನ್ನನ್ನು ನೋಡಿ ನಗಬೇಕೆಂದು ಹೊರಟವನು ಗವಿಯಪ್ಪನನ್ನು ನೋಡಿ ನಿಂತುಬಿಟ್ಟ.

‘ಮುಕುಂದಣ್ಣಂಗೆ ಬಿಡುಗಡೆ ಆಯ್ತು ಅಕ್ಕ’ ಎಂದ, ಸೈಕಲ್ಲಿನ ಹ್ಯಾಂಡಲ್ ನೋಡುತ್ತಾ. ‘ಕೆಂಚಯ್ಯಂಗೆ ಜೀವಾವಧಿ.’

ಕೊಲೆಯಾದದ್ದನ್ನು ಕಂಡು ಕೆಂಚಯ್ಯ ಕೂಗಿಕೊಂಡು ಬೀದಿಗೆ ಓಡಿಬಂದದ್ದೇ ಅವನ ಅಪರಾಧಕ್ಕೆ ಸಾಕ್ಷಿ ಎಂದರಂತೆ ಸಾಹೇಬರು. ಮುಕುಂದ ಯಾರಿಗೂ ಏನೂ ಹೇಳದೆ ಮನೆಗೆ ನಡೆದುಹೋದದ್ದು ಸುಸಂಸ್ಕೃತ ಮನೆತನದಿಂದ ಬಂದ ಸಂಯಮವಂತೆ. ಹನೀಫ್ ಇದನ್ನು ಹೇಳಿ ಮುಗಿಸಿದಾಗ ಹೊಂಬಾಳಮ್ಮ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಅವಳನ್ನು ನಾನು ಹಿಡಿಯಬೇಕಾಗಿತ್ತು. ‘ಮನೀಗ್ ನಡೀರಿ. ತಮ್ಮ ಬತ್ತರೆ, ಬಾಗ್ಲಾಕಿದ್ರೆ ಸಂದಾಗಿರಾಕಿಲ್ಲ’ ಎಂದಳು. ಅದು ಚುಚ್ಚುಮಾತಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನೆಗೆ ನಡೆಯುತ್ತಾ ನನಗೆ ಇನ್ನೊಂದು ದಾರಿ ಹೊಳೆಯಿತು. ಕೆಂಚಯ್ಯನೂ ಅಲ್ಲ, ಮುಕುಂದನೂ ಅಲ್ಲ, ಮೂರನೆಯವನೊಬ್ಬ ಹಿಂದಿನ ಗೋಡೆ ಹಾರಿ ಬಂದಿದ್ದರೆ? ಆಗಲೂ ತೀರ್ಪು ತಪ್ಪೇ, ಆಗಲೂ ಗವಿಯಪ್ಪ ಏಳುವುದಿಲ್ಲ. ಹೌದಲ್ಲ! ಬೀದಿಯಲ್ಲೇ ನಿಂತು ದೊಡ್ಡದಾಗಿ ಉಸಿರು ಬಿಟ್ಟೆ. ಆ ಮೂರನೆಯವನಿಗೆ ಒಂದು ಮುಖ ಕೊಟ್ಟೆ, ಗಡ್ಡ ಕೊಟ್ಟೆ, ಗವಿಯಪ್ಪನ ಮೇಲೆ ಹಳೆಯ ದ್ವೇಷ ಕೊಟ್ಟೆ. ಮನೆ ಮುಟ್ಟುವಷ್ಟರಲ್ಲಿ ಅವನು ನನಗೆ ಚೆನ್ನಾಗಿ ಪರಿಚಯವಾಗಿದ್ದ. ಸಡಗರದಿಂದ ಶ್ಯಾವಿಗೆ ಪಾಯಸಕ್ಕಿಟ್ಟೆ.

ಮುಕುಂದ ಹೊತ್ತು ಮುಳುಗುವ ಮುಂಚೆ ಬಂದ. ವಕೀಲರ ಕಾರಿನಲ್ಲಿ ನೇರವಾಗಿ ಮನೆ ಬಾಗಿಲಿಗೇ ಬಂದಿಳಿದ, ಕೊರಳಲ್ಲಿ ಯಾರೋ ಹಾಕಿದ ಸೇವಂತಿಗೆ ಹಾರವಿತ್ತು. ಬಂದು ನನ್ನ ಕಾಲಿಗೆ ಬಿದ್ದ. ಕೈಕಾಲು ತೊಳೆದು ಉಣ್ಣಲು ಕೂತ. ಪಾಯಸ ಬಡಿಸುತ್ತಾ ನಾನು ಕಾಯತೊಡಗಿದೆ. ಅವನು ಈಗ ಕೇಳುತ್ತಾನೆ, ಅನ್ನ ಕಲಸಿಕೊಂಡು ಕೇಳುತ್ತಾನೆ, ಮಜ್ಜಿಗೆ ಹಾಕಿಸಿಕೊಳ್ಳುವಾಗ ಕೇಳುತ್ತಾನೆ. ‘ಎದ್ದನಾ?’ ನಮ್ಮೂರಲ್ಲಿ ಹುಟ್ಟಿದ ಮಗುವೂ ಕೇಳುವ ಮಾತು ಅದು. ಕೊಲೆಯ ಆರೋಪ ಹೊತ್ತು, ಮಾಡದ ತಪ್ಪಿಗೆ ನರಳಿದವನು ಬಾಗಿಲಲ್ಲೇ ಕೇಳಬೇಕಾಗಿತ್ತು. ಅವನು ಕೋರ್ಟಿನ ಫ್ಯಾನು ತಿರುಗದ್ದನ್ನು ಹೇಳಿದ. ವಕೀಲರ ಹೊಸ ಕಾರಿನ ಬಣ್ಣ ಹೇಳಿದ. ನಿನ್ನ ಪಾಯಸಕ್ಕೆ ಏಲಕ್ಕಿ ಜಾಸ್ತಿಯಾಯಿತು ಎಂದ. ಕೈ ತೊಳೆದು ಬಂದು ಟವೆಲಿನಲ್ಲಿ ಒರೆಸಿಕೊಳ್ಳುತ್ತಾ ಹೇಳಿದ:

‘ಅಕ್ಕಾ, ಆ ಹಲಗೇನ ಕಿತ್ತು ಆಚೆ ಬಾಗಿಲಿಗೆ ಹಾಕಿಸ್ಬೇಕು. ಗಡ್ಡೆ ಇಳಿಸೋದಕ್ಕೆ ಇನ್ನು ಯಾವಾಗ್ಲೂ ಆ ಕಡೆ ಆಗಲ್ಲ.’

‘ಗವಿಯಪ್ಪ ಎದ್ದಿಲ್ಲ ಅಂತ ನಿನಗೆ ಯಾರು ಹೇಳಿದ್ರು ಮುಕುಂದ?’

ಟವೆಲು ಹಿಡಿದ ಕೈ ನಿಂತಿತು. ವಕೀಲರು ಹೇಳಿದರು ಎನ್ನಬಹುದಾಗಿತ್ತು. ದಾರಿಯಲ್ಲಿ ಯಾರೋ ಅಂದರು ಎನ್ನಬಹುದಾಗಿತ್ತು. ಅವನು ಒಂದು ಸುಳ್ಳು ಹೇಳಲಿ, ನಂಬಿಬಿಡುತ್ತೇನೆ ಎಂದು ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಚಿಕ್ಕವನಿದ್ದಾಗಲೂ ಅವನಿಗೆ ನನ್ನೆದುರು ಸುಳ್ಳು ಹೇಳಲು ಬರುತ್ತಿರಲಿಲ್ಲ.

‘ಅವನು ಬಾಯಿಗೆ ಬಂದಂಗೆ ಮಾತಾಡಿದ ಅಕ್ಕ. ನಮ್ಮಪ್ಪನ್ನೂ ಸೇರಿಸಿ ಅಂದ. ನನ್ನ ಕೈಯಲ್ಲಿ ಸರಳಿತ್ತು’ ಎಂದ. ಆಮೇಲೆ ಸ್ವಲ್ಪ ಗೆಲುವಾಗಿ, ‘ಹೋಗ್ಲಿ ಬಿಡು. ಮುಗೀತಲ್ಲ’ ಎಂದು ಟವೆಲನ್ನು ಹಗ್ಗಕ್ಕೆ ಹಾಕಿದ.

ನನ್ನ ಮೂರನೆಯವನು, ಅವನ ಗಡ್ಡ, ಹಳೆಯ ದ್ವೇಷ, ಎಲ್ಲ ಒಂದೇ ಏಟಿಗೆ ಹೋಯಿತು. ಮುಕುಂದನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಜನ ನಂಬಲಿಕ್ಕಿಲ್ಲ. ಅವನನ್ನು ಆಗಲೂ ನನ್ನ ಮಗುವಿನಷ್ಟೇ ಪ್ರೀತಿಸುತ್ತಿದ್ದೆ, ಈಗಲೂ ಪ್ರೀತಿಸುತ್ತೇನೆ. ಅವನು ಮಲಗಿದ ಮೇಲೆ ನೋಡಿದರೆ ಎಂದಿನ ಹಾಗೆ ನಿದ್ದೆ ಮಾಡುತ್ತಿದ್ದ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಬೆಳಿಗ್ಗೆ ಹೊಂಬಾಳಮ್ಮನ ಮನೆ ಹುಡುಕಿಕೊಂಡು ಹೋದೆ. ಅವಳು ಹೊಸ್ತಿಲು ಸಾರಿಸುತ್ತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ.

‘ಅಪೀಲು ಹಾಕೋಣ ನಡೀರಿ’ ಎಂದೆ. ಅವಳಿಗೆ ಬಹುವಚನ ಹಚ್ಚಿದ್ದು ನನ್ನ ಗಮನಕ್ಕೆ ಬಂದದ್ದು ಅವಳು ತಲೆಯೆತ್ತಿ ನೋಡಿದಾಗ.

‘ಮೇಲಿನ್ ಕೋರ್ಟ್ನಾಗೆ ನನ್ ಮಾತ ಯಾರ್ ಕೇಳಾರು?’

‘ನಿಮ್ಮದು ಕೇಳಲ್ಲ. ನನ್ನದು ಕೇಳ್ತಾರೆ. ಕುರ್ಚಿ ಹಾಕಿ ಕೂರಿಸಿ ಕೇಳ್ತಾರೆ.’

ಅವಳು ನನ್ನನ್ನು ನಂಬಲಿಲ್ಲ. ನಂಬುವುದಕ್ಕೆ ಕಾರಣವೂ ಇರಲಿಲ್ಲ. ಆದರೂ ಸಗಣಿ ಕೈ ತೊಳೆದುಕೊಂಡು ಬಂದಳು. ದಾರಿಯುದ್ದಕ್ಕೂ ನನ್ನಿಂದ ಒಂದು ಮಾರು ಹಿಂದೆಯೇ ನಡೆದಳು. ನಾನು ನಿಂತರೆ ಅವಳೂ ನಿಲ್ಲುತ್ತಿದ್ದಳು. ನನ್ನ ಕಾಲೂ ಸುಲಭವಾಗಿ ಮುಂದಕ್ಕೆ ಹೋಗುತ್ತಿರಲಿಲ್ಲ. ತರಕಾರಿ ಅಂಗಡಿಯ ಹತ್ತಿರ ಮನೆಗೆ ತಿರುಗಿಬಿಡೋಣ ಅನ್ನಿಸಿತು. ಹಿಂದೆ ಅವಳಿರದಿದ್ದರೆ ತಿರುಗಿಬಿಡುತ್ತಿದ್ದೆ.

ಅಪೀಲಿನ ವಕೀಲರು ಇನ್ನೂ ಚಿಕ್ಕ ಪ್ರಾಯದವರು, ಊರಿಗೆ ಹೊಸಬರು, ನಮ್ಮಿಬ್ಬರನ್ನೂ ಬಲ್ಲವರಲ್ಲ. ಹೊಂಬಾಳಮ್ಮ ಕೆಂಚಯ್ಯನ ಹೆಂಡತಿ ಎಂದು ಅವಳನ್ನೇ ಕೇಳಿ ತಿಳಿದುಕೊಂಡರು. ನನ್ನಿಂದ ಅಂಗಿಯ ವಿಷಯ ಕೇಳಿದರು, ಹಲಗೆಯ ವಿಷಯ ಕೇಳಿದರು, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮುಕುಂದ ಆಡಿದ ಮಾತು ಕೇಳಿದರು. ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ, ಇವರಿಗೆ ಇದೆಲ್ಲ ಹೇಗೆ ಗೊತ್ತು ಎಂಬಂತೆ ನನ್ನ ಸೀರೆಯನ್ನೂ ಹೊಂಬಾಳಮ್ಮನ ಸೀರೆಯನ್ನೂ ನೋಡಿದರು.

‘ನೀವು ಕೆಂಚಯ್ಯಂಗೆ ಏನಾಗ್ಬೇಕಮ್ಮ?’

‘ಅವರಿಗೆ ಏನೂ ಆಗ್ಬೇಕಿಲ್ಲ’ ಎಂದೆ. ಹೊಂಬಾಳಮ್ಮ ಆ ದಿನ ಮೊದಲ ಸಲ ನನ್ನ ಪಕ್ಕಕ್ಕೆ ಬಂದು ನಿಂತಳು. ‘ಕೊಂದವನಿಗೆ ಅಕ್ಕ ಆಗ್ಬೇಕು’ ಎಂದೆ.